ನಗರದ ದಾರಿ, ಗೋಡೆ ಮೇಲಿನ ಹುಲಿ

ಕೊಡಚಾದ್ರಿಗೆ ಅಂತ ಹೊರಟೋರು ನಾವು, ಕೊನೆಗೆ ಯಾರದೋ ಮನೆ ಗೋಡೆ ನೋಡ್ಕೊಂಡು ವಾಪಸ್ ಬಂದ್ವಿ. ಜುಲೈನಲ್ಲಿ ಆ ಕಡೆ ಹೋಗ್ಬೇಡಿ ಅಂತ ಅಮ್ಮ ಹೇಳಿದ್ದನ್ನ ಕೇಳ್ಬೇಕಿತ್ತು. ಶಿವಮೊಗ್ಗ ಬಿಟ್ಟಾಗ ಬೆಳಿಗ್ಗೆ ಆರೂವರೆ, ಎರಡು ಬೈಕು, ಮೂರು ಜನ, ನೆಟ್ಟಗಿರೋ ರೇನ್‌ಕೋಟ್ ಒಂದೇ ಒಂದು. ಗಾಜನೂರು ದಾಟೋದ್ರೊಳಗೆ ನಾನು ಚಡ್ಡಿವರೆಗೂ ನೆಂದಿದ್ದೆ. ಸಕ್ರೆಬೈಲಲ್ಲಿ ಆನೆ ನೋಡೋಕೂ ನಿಲ್ಲಲಿಲ್ಲ, ಮಂಡಗದ್ದೆಯಲ್ಲಿ ಮಾತ್ರ ಹೊಳೆ ಮಧ್ಯದ ಮರಗಳ ಮೇಲೆ ಬೆಳ್ಳಕ್ಕಿಗಳು ಬಟ್ಟೆ ಒಣಹಾಕಿದ ಹಾಗೆ ಕೂತಿದ್ವು, ಐದು ನಿಮಿಷ ನೋಡಿದ್ವಿ. ತೀರ್ಥಹಳ್ಳಿಯಲ್ಲಿ ನೀರ್ದೋಸೆ, ಅಲ್ಲಿಂದ ಕವಲೇದುರ್ಗದ ಬೋರ್ಡು ಬಲು ಆಸೆ ತೋರ್ಸಿದ್ರೂ ನಿಲ್ಲದೆ ಸೀದಾ ನಗರ.

ನಗರ ಅಂದ್ರೆ ಬೆಂಗಳೂರಿನ ಫ್ರೆಂಡ್ಸ್ ಎಲ್ಲಾ ಯಾವ ನಗರ ಅಂತ ಕೇಳ್ತಾರೆ. ಹೊಸನಗರ ತಾಲೂಕಿನ ಸಣ್ಣ ಊರು ಮಾರಾಯ್ರೆ, ಹಳೇ ಬಿದನೂರು, ಕೆಳದಿ ಅರಸರ ಕೊನೇ ರಾಜಧಾನಿ. ಕೋಟೆ ಗೋಡೆ ಮೇಲೆ ಹಾವಸೆ, ಮೆಟ್ಟಿಲ ಮೇಲೆ ಹಾವಸೆ, ಜಾರಿ ಬಿದ್ದ ನನ್ನ ಪ್ಯಾಂಟ್ ಮೇಲೂ ಹಾವಸೆ. ಒಳಗಡೆ ದರ್ಬಾರಿನ ಅಡಿಪಾಯ, ಅಕ್ಕ-ತಂಗಿ ಕೊಳ, ಕೆಳಗೆ ಕೆರೆ, ಮಂಜು ಸರಿದಾಗ ಕಂಡು ಮುಚ್ಚಿದಾಗ ಮಾಯ. ರಕ್ತ ಹೀರೋ ಉಂಬಳದ ಲೆಕ್ಕ ಹೇಳಲ್ಲ, ಕಾಲಲ್ಲೇ ಏಳು ಸಿಕ್ಕಿದ್ವು. ಅಷ್ಟೊತ್ತಿಗೆ ಒಂದು ಬೈಕು ಸ್ಟಾರ್ಟ್ ಆಗಲ್ಲ ಅಂತ ಹಟ ಹಿಡೀತು, ಮೆಕ್ಯಾನಿಕ್ ಬರೋದು ನಾಳೆ ಅಂದ್ರು, ಕೊಡಚಾದ್ರಿ ಅಲ್ಲಿಗೇ ಕ್ಯಾನ್ಸಲ್. ಊರಾಚೆ ಅಡಿಕೆ ತೋಟದ ನಡುವೆ ಒಂದು ಹೋಮ್‌ಸ್ಟೇ ಇದೆ ಅಂತ ಯಾರೋ ಹೇಳಿದ್ರು.

ಹಂಚಿನ ಮನೆ, ಕೆಂಪು ನೆಲ, ಬಚ್ಚಲಲ್ಲಿ ಹಂಡೆ ತುಂಬ ಬಿಸಿನೀರು. ಸ್ವರ್ಗ! ಸ್ನಾನ ಮಾಡಿ ಜಗಲಿಗೆ ಬಂದ್ರೆ ಗೋಡೆ ಮೇಲೆ ಅಜ್ಜ-ಅಜ್ಜಿ ಫೋಟೋ ಪಕ್ಕದಲ್ಲಿ ಫ್ರೇಮ್ ಹಾಕಿದ ಒಂದು ಪ್ರಿಂಟ್. ಊಟದ ತಟ್ಟೆಯಷ್ಟು ದೊಡ್ಡ ಎರಡು ದುಂಡು ಚಿತ್ರ, ಒಂದರಲ್ಲಿ ಸಿಂಹ ಹುಲೀನ ಅಂಗಾತ ಕೆಡವಿ ಮೇಲೆ ಹತ್ತಿದೆ, ಇನ್ನೊಂದರಲ್ಲಿ ಕೋಟೆಗೆ ನುಗ್ತಿರೋ ಸೈನ್ಯ. ನಾನು ಯಾವುದೋ ಸರ್ಕಸ್ ಪೋಸ್ಟರ್ ಅಂದ್ಕೊಂಡೆ. ನಮ್ಮ ಮೂವರಲ್ಲಿ ಒಬ್ಬ ಹಳೇ ನಾಣ್ಯದ ಹುಚ್ಚ, ಅವ್ನು ಟವಲ್ ಸುತ್ಕೊಂಡೇ ಓಡಿ ಬಂದು 'ಲೋ ಇದು ಶ್ರೀರಂಗಪಟ್ಟಣ ಮೆಡಲ್ ಕಣೋ' ಅಂದ.

ಮನೆ ಯಜಮಾನ್ರ ಮಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದಾನಂತೆ, ಹೋದ ಸಲ ಬಂದಾಗ ತಂದುಕೊಟ್ಟ ಪ್ರಿಂಟ್ ಅದು. ತಂದಿರೋ ಊರೂ ಸರಿಯಾಗೇ ಇದೆ, ಅಸಲಿ ಮೆಡಲ್ ಅಚ್ಚಾಗಿದ್ದೂ ಅಲ್ಲೇ, ಮ್ಯಾಥ್ಯೂ ಬೋಲ್ಟನ್ ಅನ್ನೋರ ಸೋಹೋ ಟಂಕಸಾಲೆಯಲ್ಲಿ. ಸ್ಟೀಮ್ ಇಂಜಿನ್ ಜೇಮ್ಸ್ ವಾಟ್‌ನ ಪಾರ್ಟ್ನರ್ ಈ ಬೋಲ್ಟನ್, ನಾಣ್ಯದ ಅಚ್ಚೂ ಹಬೆಯಿಂದಲೇ ಒತ್ತಿಸ್ತಿದ್ದ. ಡಿಸೈನ್ ಕ್ಯೂಶ್ಲರ್ ಅನ್ನೋ ಜರ್ಮನ್ನಂದು. 1799ರ ಮೇ 4ಕ್ಕೆ ಟಿಪ್ಪು ಸತ್ತು ಕೋಟೆ ಬಿತ್ತಲ್ಲ, ಅದರ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಮಾಡಿಸಿದ್ದು, ಸಿಂಹ ಅಂದ್ರೆ ಇಂಗ್ಲಿಷರು, ಹುಲಿ ಅಂದ್ರೆ ಟಿಪ್ಪು. ಚಿತ್ರದಲ್ಲಿ ನೆತ್ತಿ ಮೇಲಿನ ಸೂರ್ಯನನ್ನೂ ಬಿಟ್ಟಿಲ್ಲ, ದಾಳಿ ನಡೆದಿದ್ದು ಮಧ್ಯಾಹ್ನ ಅಂತ ತೋರ್ಸೋಕೆ. ಇಷ್ಟೆಲ್ಲಾ ಇರೋ ಅಸಲಿ ಮೆಡಲ್ ಎರಡು ಇಂಚೂ ಇಲ್ಲ, 48 ಮಿಲಿಮೀಟರ್.

ಹಂಚಿದ್ದರ ಕಥೆ ಇನ್ನೂ ಮಜಾ. ಗವರ್ನರ್ ಜನರಲ್ಲು, ದೊಡ್ಡ ಜನರಲ್‌ಗಳಿಗೆ ಚಿನ್ನ, ಅವರ ಕೆಳಗಿನೋರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಆಮೇಲೆ ಕಂಚು, ಗುಂಡಿಗೆ ಎದೆ ಕೊಟ್ಟ ಮಾಮೂಲಿ ಸಿಪಾಯಿಗಳಿಗೆ ತವರ. ಅದೂ ಯುದ್ಧ ಮುಗಿದು ಒಂಬತ್ತು ವರ್ಷಕ್ಕೆ, 1808ರಲ್ಲಿ. ಯಜಮಾನ್ರು ಎಲೆಗೆ ಸುಣ್ಣ ಹಚ್ತಾ 'ಮದುವೆಮನೆ ಪಂಕ್ತಿ ಇದ್ದಂಗೆ ಅಲ್ವಾ, ಮೊದಲನೇ ಪಂಕ್ತಿಗೆ ಹೋಳಿಗೆ ತುಪ್ಪ, ಕೊನೇ ಪಂಕ್ತಿಗೆ ತಿಳಿಸಾರು' ಅಂದ್ರು.

ಆದ್ರೆ ನನಗೆ ತಲೆ ಕೆಟ್ಟಿದ್ದು ಅದರ ಮೇಲಿನ ಬರಹಕ್ಕೆ. ಸಿಂಹದ ಮೇಲೆ ಹಾರ್ತಿರೋ ಬಾವುಟದಲ್ಲಿ ಅರಬ್ಬಿ ಅಕ್ಷರ ಇದೆ, 'ಅಸದುಲ್ಲಾ ಅಲ್ ಘಾಲಿಬ್', ದೇವರ ಸಿಂಹವೇ ಗೆಲ್ಲೋದು ಅಂತ ಅರ್ಥ. ಇದು ಟಿಪ್ಪುವಿನದೇ ಮಾತು! ಅವ್ನು ಇದನ್ನ ಹುಲಿ ಮುಖದ ಆಕಾರದಲ್ಲಿ ಬರೆಸಿ ಆಯುಧದ ಮೇಲೆ ಹಾಕಿಸ್ತಿದ್ದ. ಹಿಂದಿನ ಮುಖದ ಪಾರ್ಸಿಯಲ್ಲಿ ದೇವರು ಕೊಟ್ಟ ಶ್ರೀರಂಗಪಟ್ಟಣ ಅನ್ನೋ ಅರ್ಥದ ಸಾಲು, ಅದೂ ಅವನದೇ, ತನ್ನ ರಾಜ್ಯಕ್ಕೆ ಅವ್ನು ಇಟ್ಕೊಂಡಿದ್ದ ಹೆಸರು ಸರ್ಕಾರ್-ಎ-ಖುದಾದಾದ್, ದೇವರು ಕೊಟ್ಟ ಸರ್ಕಾರ. ಊರು ತಗೊಂಡ್ರು ಸರಿ, ಸತ್ತೋನ ಬಾಯಿಂದ ಮಾತೂ ಕಿತ್ಕೊಂಡು ಅವನ ಮೇಲೇ ಅಚ್ಚು ಹಾಕಿದಾರಲ್ಲ.

ನಾನು ಹಿಂಗೆ ಕುದೀತಿದ್ರೆ ಯಜಮಾನ್ರು ನಕ್ಕರು. 'ಹುಲಿ ಪರ ಅಷ್ಟು ಬೇಜಾರು ಮಾಡ್ಕೋಬೇಡಿ, ಈ ಊರಿಗೆ ಹುಲಿಗಳೂ ಹಂಗೇ ಬಂದಿದ್ದು' ಅಂದ್ರು. ಹೌದಲ್ಲ, 1763ರಲ್ಲಿ ಹೈದರಾಲಿ ಬಿದನೂರು ಹಿಡಿದು, ಖಜಾನೆ ಬಾಚಿ, ರಾಣಿ ವೀರಮ್ಮಾಜಿನ ಮಧುಗಿರಿ ಕೋಟೆಗೆ ಹಾಕಿ, ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ, ಈಗಿನ 'ನಗರ' ಅದರದೇ ಬಾಲ. ನಮ್ಮ ನಾಣ್ಯದ ಹುಚ್ಚ ತಕ್ಷಣ ಎದ್ದು ಕೂತ: ಹೈದರ್ ಇಲ್ಲೇ ಅಚ್ಚು ಹಾಕಿಸಿದ ಬಹದ್ದೂರಿ ಹೊನ್ನು ಅನ್ನೋ ಚಿನ್ನದ ನಾಣ್ಯದ ಮೇಲೆ ಶಿವ-ಪಾರ್ವತಿ ಹಾಗೇ ಇದ್ರಂತೆ, ಕೆಳದಿ ಅರಸರ ಇಕ್ಕೇರಿ ವರಹದಲ್ಲಿ ಇದ್ದ ಹಾಗೇ, ಹಿಂದ್ಗಡೆ ಮಾತ್ರ ಅವನ ಹೆಸರಿನ ಒಂದು ಅಕ್ಷರ. ಗೊತ್ತಿರೋ ಮುಖ ಇಲ್ದಿದ್ರೆ ಅಂಗಡಿಯೋನು ನಾಣ್ಯ ಮುಟ್ಟಲ್ಲ, ಅಷ್ಟೇ ಕಾರಣ ಅಂತ ಅವನ ವಾದ. ಒಂದು ಅಕ್ಷರಕ್ಕೆ ನಿಲ್ಲಿಸಿದೋನು ಹೈದರ್, ಇಡೀ ಸಾಲನ್ನೇ ಹೊತ್ಕೊಂಡು ಹೋದೋರು ಇಂಗ್ಲಿಷರು, ನನಗೇನೋ ಎರಡೂ ಒಂದೇ ಅನ್ಸಲಿಲ್ಲ, ರಾತ್ರಿ ಹನ್ನೊಂದರವರೆಗೂ ಕಿತ್ತಾಡಿದ್ವಿ.

ಆಮೇಲೆ ಹೊಳೆದ ಇನ್ನೊಂದು ವಿಷಯ: ಸಿಂಹ ಹಾಗೆ ಹುಲಿ ಮೇಲೆ ಹತ್ತಿ ಪೋಸ್ ಕೊಡ್ತಿದ್ದಾಗ್ಲೇ ಶ್ರೀರಂಗಪಟ್ಟಣದ ಜೈಲಿಂದ ಇನ್ನೊಂದು ಹುಲಿ ತಪ್ಪಿಸ್ಕೊಂಡಿತ್ತು. ಚನ್ನಗಿರಿಯ ಬಂಡುಕೋರ ಧೋಂಡಿಯಾ ವಾಘ್, ವಾಘ್ ಅಂದ್ರೆ ಮರಾಠಿಯಲ್ಲಿ ಹುಲೀನೇ. ಸೀದಾ ನಮ್ಮ ಸೀಮೆಗೆ ಬಂದು, ಆಮೇಲೆ ಉಭಯ ಲೋಕಾಧೀಶ್ವರ ಅಂತ ಬಿರುದು ಇಟ್ಕೊಂಡ, ಒಂದೇ ಲೋಕ ಸಾಲದು ಅಂತ. ಮುಂದೆ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಅವನ ಬೆನ್ನು ಹತ್ತಿ, ಕೊನೆಗೆ 1800ರ ಸೆಪ್ಟೆಂಬರ್ 10ಕ್ಕೆ ರಾಯಚೂರು ಸೀಮೆಯಲ್ಲಿ ಮುಗಿಸಿದ. ಆ ಹುಲಿಗೆ ಮೆಡಲ್ಲಲ್ಲಿ ಜಾಗ ಇಲ್ಲ.

ಬೆಳಿಗ್ಗೆ ಕಳಲೆ ಪಲ್ಯ, ಅಕ್ಕಿ ರೊಟ್ಟಿ. ಕಳಲೆ ಅಂದ್ರೆ ಎಳೇ ಬಿದಿರು, ಬಿದಿರಿಂದಲೇ ಬಿದನೂರು ಅಂತಾರೆ, ಹಾಗಾಗಿ ಎರಡು ಸಲ ಹಾಕಿಸ್ಕೊಂಡೆ. ಮೆಕ್ಯಾನಿಕ್ ಹನ್ನೊಂದಕ್ಕೆ ಬಂದ, ಪ್ಲಗ್ ಒರೆಸಿದ, ನೂರೈವತ್ತು ತಗೊಂಡ. ಹೊರಡೋವಾಗ ಯಜಮಾನ್ರು ಪ್ರಿಂಟ್ ಇಳಿಸಿ ಪಂಚೆ ಅಂಚಲ್ಲಿ ಗಾಜು ಒರೆಸ್ತಿದ್ರು. ಒಳಗಡೆ ಬೂಷ್ಟು, ಸಿಂಹದ ಬಾಲದಿಂದ ಶುರುವಾಗಿ ಬೆನ್ನಿನವರೆಗೂ ಬಂದಿತ್ತು. ಮಳೆಗಾಲ ಮುಗಿಯೋವರೆಗೂ ಅಟ್ಟದ ಮೇಲೆ, ಒಲೆ ಹೊಗೆ ತಾಗೋ ಕಡೆ ಇಡ್ತೀನಿ ಅಂದ್ರು, ಉಪ್ಪಿನಕಾಯಿ ಜಾಡಿ ಪಕ್ಕದಲ್ಲಿ.