ಮದುಮಗಳು, ಮೂರನೇ ಪ್ರಯತ್ನ: ಗುತ್ತಿಗೊಂದು ಕೆಂಪು ಗೆರೆ

ಅಂತೂ ದಾರಿ ಸಿಕ್ಕಿತು. ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಹಿಂದೆ ಎರಡು ಸಲ 150ನೇ ಪುಟದ ಆಸುಪಾಸಿನಲ್ಲೇ ನಿಂತುಹೋಗಿತ್ತು. ಈ ಸಲ 300 ದಾಟಿದ್ದೇನೆ, ಬಹುಪಾಲು ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲೇ.

ತೊಡಕೆಲ್ಲ ಜನರದ್ದು. ಆಳು ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಬರಲು ಸಿಂಬಾವಿಯಿಂದ ನಾಯಿ ಹುಲಿಯನ ಜೊತೆ ಹೊರಡುತ್ತಾನೆ. ಅವನು ಬೆಟ್ಟಳ್ಳಿ ಮುಟ್ಟುವ ಮೊದಲೇ ಕಥೆ ಹಳೆಮನೆ, ಕೋಣೂರು, ಹೂವಳ್ಳಿ ಅಂತ ಒಂದೊಂದು ಅಂಗಳದಲ್ಲೂ ಕೂತುಬಿಡುತ್ತದೆ. ರೈಲು ಠಾಣೆ ಮುಟ್ಟುವಷ್ಟರಲ್ಲಿ ಯಾರು ಯಾರ ಮನೆಯ ಆಳು ಅನ್ನುವುದೇ ತಪ್ಪಿಹೋಗುತ್ತಿತ್ತು.

ಹೆಸರುಗಳ ಅಕಾರಾದಿ ಪಟ್ಟಿ ಮಾಡಿದೆ, ಉಪಯೋಗವಾಗಲಿಲ್ಲ. ಆಮೇಲೆ ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ ಕೊಟ್ಟೆ: ಒಡೆಯರು ಮೇಲೆ, ಆಳುಗಳು ಕೆಳಗೆ. ಚಿನ್ನಮ್ಮ ಹೂವಳ್ಳಿಗೆ ಬಂದಳು, ಅವಳ ಮನಸ್ಸಿನಲ್ಲಿರುವ ಮುಕುಂದಯ್ಯ ಕೋಣೂರಿಗೆ. ಗುತ್ತಿ ಮಾತ್ರ ಸಿಂಬಾವಿಯ ಪುಟದಲ್ಲಿ ನಿಲ್ಲಲೊಲ್ಲ. ಕೊನೆಗೆ ನಡುಪುಟದಲ್ಲಿ ಊರುಗಳನ್ನು ಚುಕ್ಕಿಯಿಟ್ಟು, ಅವನು ಕಾಲಿಟ್ಟಲ್ಲೆಲ್ಲ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಎರಡು ದಿನದಲ್ಲಿ ಆ ಗೆರೆ ಎಲ್ಲ ಮನೆಗಳನ್ನೂ ಪೋಣಿಸಿತು! ಕಥೆ ನಡೆಯುವುದು ಗುತ್ತಿಯ ಕಾಲಿನ ವೇಗದಲ್ಲಿ. ಅವನು ಎಲೆಯಡಿಕೆ ಹಾಕಲು ಕೂತರೆ ನಾವೂ ಕೂರಬೇಕು.

ಕೋಣೂರಿನ ಆಳುಗಳಾದ ಐತ, ಪೀಂಚಲು ದಂಪತಿ ಮಾತ್ರ ನನಗೆ ಇನ್ನೂ ದೂರವೇ ಇದ್ದರು. ಒಂದು ರಾತ್ರಿ ಅಮ್ಮನಿಗೆ ಓದಿ ಹೇಳಿದೆ. “ಐತ ಅಂದ್ರೆ ಐತಾರ ಹುಟ್ಟಿದವ ಮಾರಾಯ, ನಮ್ಮ ಕಡೆಯವನೇ” ಅಂದರು. ತುಳುವಿನಲ್ಲಿ ಐತಾರ ಅಂದರೆ ಭಾನುವಾರ. ಹೌದಲ್ಲ, ಪುಸ್ತಕದಲ್ಲೂ ಅವರು ಘಟ್ಟದ ತಗ್ಗಿನವರೇ, ಕೂಲಿಗೆಂದು ಘಟ್ಟ ಹತ್ತಿದವರು. ನನ್ನ ಅಜ್ಜ ಅದೇ ಕರಾವಳಿಯಿಂದ ಬಂದು ಮುಂಬೈ ಫೋರ್ಟಿನ ಹೋಟೆಲೊಂದರಲ್ಲಿ ಗ್ಲಾಸು ತೊಳೆದವರು. ಈಗ ಪೀಂಚಲು ಮಾತಾಡಿದರೆ ನನಗೆ ಮನೆಯ ದನಿಯೇ ಕೇಳಿಸುತ್ತದೆ.

ಪುಸ್ತಕ ಕಳಿಸಿದ ಅಂಗಡಿಯವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ. ಒಂದು ಫಾರಂ, ಪೂರಾ 16 ಪುಟ, ಎರಡು ಸಲ ಹೊಲಿದಿದೆ; ಮುಂದಿನದ್ದು ಇಲ್ಲವೇ ಇಲ್ಲ. ಫೋಟೋ ಕಳಿಸಿ ಮೂರು ವಾರ ಕಾದೆ, ಉತ್ತರವಿಲ್ಲ. ಮಾಟುಂಗದ ಗೆಳೆಯರ ಪ್ರತಿಯಿಂದ ಝೆರಾಕ್ಸ್ ಮಾಡಿಸಿ ಮೈದಾ ಅಂಟಿನಿಂದ ಅಂಟಿಸಿದ್ದೇನೆ. ಆ ಜಾಗದಲ್ಲಿ ಪುಸ್ತಕ ಉಬ್ಬಿಕೊಂಡಿದೆ, ಆದರೆ ಓದಲು ಅಡ್ಡಿಯಿಲ್ಲ.

ಮುಂದಿನದು ‘ಕಾನೂರು ಹೆಗ್ಗಡಿತಿ’. ಅದು 1936ರದ್ದು, ಇದು 1967ರದ್ದು. ಅದಕ್ಕೂ ಇದೇ ಅಳತೆಯ ಹಾಳೆಯಲ್ಲಿ ನಕ್ಷೆ ಬರೆದು, ಮೂವತ್ತೊಂದು ವರ್ಷದಲ್ಲಿ ಕುವೆಂಪು ಅವರ ಕಾಡಿನ ದಾರಿಗಳು ಎಷ್ಟು ಕವಲೊಡೆದಿವೆ ಅಂತ ಪಕ್ಕಪಕ್ಕ ಇಟ್ಟು ನೋಡುವ ಆಸೆ.

ಸದ್ಯ ಚಿನ್ನಮ್ಮನ ಮದುವೆ ಮಾತು ಸಿಂಬಾವಿ ಹೆಗ್ಗಡೆಯ ಕಡೆ ತಿರುಗಿದೆ. ಹೂವಳ್ಳಿಯಿಂದ ಸಿಂಬಾವಿಗೆ ಒಂದು ಗೆರೆ ಎಳೆಯಬೇಕು. ಪೆನ್ಸಿಲ್ ಹಿಡಿದು ಎರಡು ದಿನವಾಯಿತು, ಮನಸ್ಸಾಗುತ್ತಿಲ್ಲ.