ಯಜಮಾನನಿಗೆ ಮಾರುವ ಹಕ್ಕಿರಲಿಲ್ಲ

ತುಳುನಾಡಿನ ಅಳಿಯಸಂತಾನ ಪದ್ಧತಿಯ ಗುತ್ತಿನ ಮನೆಯಲ್ಲಿ, ಅಂದರೆ ಜಮೀನುದಾರ ಮನೆತನದ ಹಿರಿಮನೆಯಲ್ಲಿ, ಬೀಗದ ಕೈ ಯಜಮಾನನ ಹತ್ತಿರ, ಗೇಣಿ ವಸೂಲಿಯೂ ಅವನದೇ. ಆದರೆ ಜಾಗ ಅವನದ್ದಲ್ಲ. ಅದು ಹೆಣ್ಣಿನ ಸಂತತಿಯಲ್ಲಿ ಇಳಿದುಬರುವ ಕುಟುಂಬದ್ದು. ಕುಟುಂಬಕ್ಕೆ ನಿಜವಾದ ಅಗತ್ಯ ಬೀಳದೆ ಮಾರುವಂತಿರಲಿಲ್ಲ. ಪಾಲು ಕೊಡಿ ಎಂದು ಯಾರೂ ಹಟ ಹಿಡಿಯುವಂತೆಯೂ ಇರಲಿಲ್ಲ. ಕವರುಗಳಿಗೆ, ಅಂದರೆ ಕುಟುಂಬದ ಒಬ್ಬೊಬ್ಬ ಹೆಣ್ಣಿನಿಂದ ಇಳಿದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಸಿಕ್ಕಿದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ.

ಮಂಗಳೂರು, ಉಡುಪಿಯ ಕುಟುಂಬದ ಪ್ರೈವೇಟ್ ಲಿಮಿಟೆಡ್ ಕಂಪನಿಗಳಿಗೆ ಇದೇ ಕಟ್ಟು ಹಾಕಬಹುದು, ಹಾಕಲೂಬೇಕು. ಪಬ್ಲಿಕ್ ಕಂಪನಿಯ ಬೋರ್ಡು ದೊಡ್ಡ ಘಟಕವನ್ನು, ಅಂದರೆ ನಿವ್ವಳ ಮೌಲ್ಯದ ಶೇ. 20ಕ್ಕಿಂತ ಹೆಚ್ಚು ಹೂಡಿಕೆ ಇರುವ ಅಥವಾ ಒಟ್ಟು ಆದಾಯದ ಶೇ. 20 ತರುವ ಘಟಕವನ್ನು ಮಾರಲು, 2013ರ ಕಂಪನಿ ಕಾಯ್ದೆಯ 180ನೇ ಸೆಕ್ಷನ್ ಪ್ರಕಾರ ಶೇರುದಾರರ ವಿಶೇಷ ನಿರ್ಣಯ, ಅಂದರೆ ಮುಕ್ಕಾಲು ಮತ, ಬೇಕು. ಪ್ರೈವೇಟ್ ಕಂಪನಿಗೆ 2015ರಲ್ಲಿ ಇದರಿಂದ ವಿನಾಯಿತಿ ಸಿಕ್ಕಿತು. ಅಲ್ಲಿ ಇಬ್ಬರು ಡೈರೆಕ್ಟರರು ಚಹಾ ಕುಡಿದು ಏಳುವಷ್ಟರಲ್ಲಿ ಅಜ್ಜನ ಹೆಂಚಿನ ಕಾರ್ಖಾನೆಯ ಜಾಗ ಹೋಗಬಹುದು.

ಮದ್ದು ಅದೇ ಕಾಯ್ದೆಯ ಸೆಕ್ಷನ್ 5(3)ರಲ್ಲಿದೆ: ಎಂಟ್ರೆಂಚ್‌ಮೆಂಟ್. ಕಂಪನಿಯ ಒಳನಿಯಮಾವಳಿಯಾದ ಆರ್ಟಿಕಲ್ಸ್‌ನಲ್ಲಿ ಸದಸ್ಯರ ಒಪ್ಪಿಗೆಯಿಲ್ಲದೆ ಜಾಗ ಮಾರುವಂತಿಲ್ಲ ಎಂಬ ಕಲಮು ಹಾಕಿ, ಅದನ್ನು ಬದಲಿಸಲು ಮುಕ್ಕಾಲು ಮತ ಸಾಲದು, ಇನ್ನೂ ಹೆಚ್ಚು ಬೇಕು ಎಂದು ಬರೆಯಬಹುದು. ನಡೆಯುತ್ತಿರುವ ಪ್ರೈವೇಟ್ ಕಂಪನಿಯಲ್ಲಿ ಇದನ್ನು ಸೇರಿಸಲು ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಆಮೇಲೆ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಎಂಜಿಟಿ-14 ಫಾರಂ ಸಲ್ಲಿಸಬೇಕು. ಅಣ್ಣತಮ್ಮಂದಿರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಮಾಡಿ ಮುಗಿಸುವ ಕೆಲಸ ಇದು.

ಎಡವುವುದು ಕಲಮಿನ ಮಾತಿನಲ್ಲಿ. ‘ಮಾರಾಟ’ ಎಂದಷ್ಟೇ ಬರೆದರೆ 99 ವರ್ಷದ ಲೀಸ್ ಬಿಟ್ಟುಹೋಯಿತು, ಬ್ಯಾಂಕಿಗೆ ಅಡವು ಬಿಟ್ಟುಹೋಯಿತು. ಜಾಗವನ್ನು ಮೊದಲು ಅಂಗಸಂಸ್ಥೆಗೆ ದಾಟಿಸಿ, ಆಮೇಲೆ ಅದರ ಶೇರು ಮಾರುವ ಹಿಂಬಾಗಿಲೂ ಇದೆ. ನಾಲ್ಕನ್ನೂ ಹೆಸರಿಸಿ ಬರೆಯಿರಿ. ಹಾಗೆಂದು ನೂರಕ್ಕೆ ನೂರು ಒಪ್ಪಿಗೆ ಇಟ್ಟರೆ ದುಬೈಯಲ್ಲಿರುವ ಒಬ್ಬ ಅಳಿಯ ಸಹಿ ಹಾಕದೆ ಎಲ್ಲವೂ ನಿಲ್ಲುತ್ತದೆ. ಶೇ. 90 ಸಾಕು ಎನ್ನುವುದು ನಮ್ಮ ಲೆಕ್ಕ. ಯಾವುದು ‘ಅಗತ್ಯ’ ಎಂಬುದನ್ನೂ ಬರೆದಿಡಿ: ಕಾರ್ಮಿಕರ ಬಾಕಿ, ತೆರಿಗೆ, ಕೋರ್ಟ್ ಡಿಕ್ರಿ. ಹೊಸ ವ್ಯಾಪಾರಕ್ಕೆ ಬಂಡವಾಳ ಅಗತ್ಯವಲ್ಲ.

ಹಳೆಯ ಪದ್ಧತಿಯನ್ನು ಹಾಗೇ ಎತ್ತಿ ತರುವುದೂ ಬೇಡ. ನೇಮದ (ಭೂತಕೋಲದ) ದಿನ ಯಜಮಾನ ಊರೆದುರು ದೈವದ ನುಡಿಗೆ ಕೈಮುಗಿದು ನಿಲ್ಲಬೇಕಿತ್ತು, ಸರಿ. ಲೆಕ್ಕದ ಪುಸ್ತಕ ಮಾತ್ರ ಕಿರಿಯರಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಕಂಪನಿಯಲ್ಲಿ ಡೈರೆಕ್ಟರ್ ತನಗೆ ಬೇರೆಲ್ಲಿ ಪಾಲಿದೆ ಎಂದು ಪ್ರತಿ ಹಣಕಾಸು ವರ್ಷದ ಮೊದಲ ಬೋರ್ಡ್ ಮೀಟಿಂಗಿನಲ್ಲಿ ಎಂಬಿಪಿ-1 ಎಂಬ ಫಾರಂ ಕೊಡುತ್ತಾನೆ. ಆದರೆ ಪ್ರೈವೇಟ್ ಕಂಪನಿಯಲ್ಲಿ ಅದನ್ನು ಹೇಳಿಕೊಂಡ ಮೇಲೆ ಅದೇ ವಿಷಯದ ಚರ್ಚೆಗೆ ಕೂರಲು ಅಡ್ಡಿಯಿಲ್ಲ. ಎದ್ದು ಹೊರಗೆ ಹೋಗಬೇಕು ಎಂದು ನೀವೇ ಬರೆದುಕೊಳ್ಳಬೇಕು.

ಕೊನೆಗೆ ಷೆಡ್ಯೂಲು, ಅಂದರೆ ಈ ಕಲಮು ಕಾಯುವ ಜಾಗಗಳ ಪಟ್ಟಿ. ಪಹಣಿ ನೋಡಿ ವರ್ಗ ಜಾಗವನ್ನಷ್ಟೇ (ಕಂದಾಯ ಕಟ್ಟುವ ಸ್ವಂತ ಜಮೀನು) ಸೇರಿಸಿ. ಅದಕ್ಕೆ ತಾಗಿದ ಕುಮ್ಕಿ ಜಾಗದಲ್ಲಿ ಸೊಪ್ಪು, ಕಟ್ಟಿಗೆಯ ಸವಲತ್ತು ಇದೆ, ಒಡೆತನ ಸರ್ಕಾರದ್ದು. ಅದನ್ನು ಆಸ್ತಿ ಎಂದು ತೋರಿಸಿದರೆ ಮುಂದೆ ತಕರಾರು. ನಾಗಬನ ಇದ್ದರೆ ನಕ್ಷೆಯಲ್ಲಿ ಗುರುತು ಹಾಕಿ, ಎಷ್ಟು ಸೆಂಟ್ಸ್ ಎಂದು ಬರೆದು, ‘ಮರ, ಬಳ್ಳಿ ಸಮೇತ’ ಎಂದು ಸೇರಿಸಿ. ಈ ಮೂರು ಪದ ಬಿಟ್ಟರೆ ನಾಗನ ಕಲ್ಲು ಉಳಿಯುತ್ತದೆ, ಸುತ್ತ ಇಂಟರ್‌ಲಾಕ್ ಬೀಳುತ್ತದೆ.