ಹುಬ್ಬು ಮುಚ್ಚಿದ ಮೇಲೆ

ಎಲ್ಲರೂ ಮಾಸ್ಕ್ ಹಾಕಿಕೊಂಡು ಓಡಾಡುತ್ತಿದ್ದ ಕಾಲ. ಕಣ್ಣಿನ ಸುತ್ತಲಿನ ಭಾಗವನ್ನಷ್ಟೇ ನೋಡಿ ಆಳನ್ನು ಗುರುತಿಸುವ ಪ್ರೋಗ್ರಾಂ ಬರೆಯುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಪೂರ್ತಿ ಮುಖ ನೋಡಿ ಕಲಿತ ಸಾಫ್ಟ್‌ವೇರ್‌ಗಳು ಆಗ ತಡವರಿಸುತ್ತಿದ್ದವು. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2020ರ ಜುಲೈನಲ್ಲಿ ಪ್ರಕಟಿಸಿದ ವರದಿಯಲ್ಲಿ, ಮುಖಕ್ಕೆ ಮಾಸ್ಕ್ ಬಂದ ಕೂಡಲೇ ಅತ್ಯುತ್ತಮ ಅಲ್ಗಾರಿದಮ್‌ಗಳೂ ಶೇ 5ರಷ್ಟು ಸಲ ಎಡವಿದ್ದವು. ಮಾಸ್ಕ್ ಇಲ್ಲದಾಗ ಅದು ಶೇ 0.3ರ ಆಸುಪಾಸು.

ಯಂತ್ರ ಹಾಗಿರಲಿ, ನಮಗೇ ಎಷ್ಟು ಗುರುತು ಸಿಗುತ್ತದೆ ನೋಡೋಣ ಅನ್ನಿಸಿತು. ಒಂದು ಮಧ್ಯಾಹ್ನ ತಂಡದವರ ಫೋಟೊಗಳನ್ನು ಹಣೆಯ ಕೆಳಗಿನಿಂದ ಕೆನ್ನೆಯ ಮೂಳೆಯವರೆಗೆ ಕತ್ತರಿಸಿ, ಕಪ್ಪು ಬಿಳುಪಿನಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡಿದೆ. ಹೆಚ್ಚಿನವರು ಸಲೀಸಾಗಿ ಹೆಸರು ಹೇಳಿದರು. ಒಬ್ಬರ ಎಡ ಹುಬ್ಬಿನ ಮೂಗಿನ ಕಡೆಯ ಕೂದಲು ನೆಟ್ಟಗೆ ಮೇಲೆದ್ದು ನಿಂತಿತ್ತು. ಕೆಳರೆಪ್ಪೆಯ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಮಚ್ಚೆ. ಅಷ್ಟು ವರ್ಷ ಎದುರು ಕೂತು ಮಾತಾಡಿದವಳು ನಾನು, ಅದನ್ನು ನೋಡಿದ್ದು ಅವತ್ತೇ.

ಆಮೇಲೆ ಬಿಳಿ ಕಾಗದದ ಪಟ್ಟಿಯಿಟ್ಟು ಹುಬ್ಬುಗಳನ್ನು ಮುಚ್ಚಿದೆ. ಗುಂಪು ಒಮ್ಮೆಲೇ ಮೌನವಾಯಿತು. ಕಣ್ಣು ಅಲ್ಲೇ ಇದೆ, ರೆಪ್ಪೆ ಇದೆ, ಆದರೂ ಯಾರೆಂದು ಹೊಳೆಯುತ್ತಿಲ್ಲ. "ಇದು ನೀವಾ ಮೇಡಂ?" ಎಂದು ಹೊಸ ಹುಡುಗ ತೋರಿಸಿದ ಚಿತ್ರ ಅವನದೇ ಆಗಿತ್ತು!

ಇದು ನಮ್ಮ ಗುಂಪಿಗಷ್ಟೇ ಆದ ಅನುಭವವಲ್ಲ. ಸಂಶೋಧಕರಾದ ಜಾವಿದ್ ಸದರ್, ಪವನ್ ಸಿನ್ಹಾ ಮತ್ತು ಸಂಗಡಿಗರು 2003ರಲ್ಲೇ ಪ್ರಸಿದ್ಧರ ಫೋಟೊಗಳಲ್ಲಿ ಒಮ್ಮೆ ಕಣ್ಣನ್ನು, ಒಮ್ಮೆ ಹುಬ್ಬನ್ನು ಅಳಿಸಿ ನೋಡಿದ್ದರು. ಹುಬ್ಬಿಲ್ಲದ ಮುಖಗಳನ್ನು ಗುರುತಿಸುವುದೇ ಜನರಿಗೆ ಹೆಚ್ಚು ಕಷ್ಟವಾಗಿತ್ತು. ಹುಬ್ಬು ದೂರಕ್ಕೂ ಎದ್ದು ಕಾಣುತ್ತದೆ, ನೆರಳು ಬಿದ್ದರೂ ಮಾಸುವುದಿಲ್ಲ. ಐರಿಸ್, ಅಂದರೆ ಕಣ್ಣಿನ ನಡುವಿನ ಬಣ್ಣದ ಉಂಗುರ, ಹಾಗಲ್ಲ; ಅದರ ಎಳೆಗಳು ಸಿಗಬೇಕಾದರೆ ಕ್ಯಾಮೆರಾ ಹತ್ತಿರ ಬರಬೇಕು, ಕಪ್ಪುಗಣ್ಣಿಗೆ ಅವಕೆಂಪು (ಇನ್ಫ್ರಾರೆಡ್) ಬೆಳಕೂ ಬೇಕು. ಕಣ್ಣಿನ ಸುತ್ತಲಿನ ಚರ್ಮ, ಮಡಿಕೆ, ಹುಬ್ಬು ಇವನ್ನೆಲ್ಲ ಒಟ್ಟಾಗಿ ಗುರುತಿಗೆ ಬಳಸಬಹುದೆಂದು ಉನ್ಸಾಂಗ್ ಪಾರ್ಕ್, ಅರುಣ್ ರಾಸ್, ಅನಿಲ್ ಜೈನ್ 2009ರಲ್ಲಿ ತೋರಿಸಿದ್ದೂ ಸಾಮಾನ್ಯ ಬೆಳಕಿನ ಫೋಟೊಗಳಲ್ಲೇ.

ಆದರೆ ಹುಬ್ಬನ್ನು ತಿದ್ದಿಸಿಕೊಳ್ಳುವವರ ಪಾಡೇನು? ಅವತ್ತು ಸಂಜೆ ನಮ್ಮ ಚರ್ಚೆಯೆಲ್ಲ ಇದರ ಮೇಲೇ. ಪಾರ್ಲರ್‌ಗೆ ಹೋಗಿಬಂದ ಹೆಂಗಸಿಗೆ ಬಾಗಿಲು ತೆರೆಯದ ಯಂತ್ರ ನನಗೆ ಬೇಡವೆಂದು ಹಟ ಹಿಡಿದೆ. ಕೊನೆಗೆ, ತಿದ್ದಿಸುವ ಮುಂಚಿನ ಮತ್ತು ನಂತರದ ಫೋಟೊಗಳನ್ನು, ಒಪ್ಪಿದವರಿಂದ ಮಾತ್ರ, ಪಡೆದು ಎರಡನ್ನೂ ಕಲಿಸುವುದೆಂದು ತೀರ್ಮಾನವಾಯಿತು.